ಅಧಿಕ ವೋಲ್ಟೇಜಿನ ಸ್ವಿಚ್‌ಗೇರ್: ಸ್ಥಾಪನೆಯಲ್ಲೇ ನಿರ್ಧಾರವಾಗುವ ಸುರಕ್ಷತೆ

ವಿದ್ಯುತ್ ಜಾಲದ ಬಹುತೇಕ ಅಂಗಗಳು ಹಗಲಿರುಳು ದುಡಿಯುತ್ತಿರುವುದರಿಂದ ಅವುಗಳ ಕೊರತೆಯೂ ಬೇಗನೆ ಹೊರಬೀಳುತ್ತದೆ. ಜನರೇಟರಿನ ಬೇರಿಂಗು ಸವೆದರೆ ಸದ್ದು ಕೇಳಿಸುತ್ತದೆ, ಪರಿವರ್ತಕದ ಎಣ್ಣೆ ಸೋರಿದರೆ ಕಲೆ ಕಾಣಿಸುತ್ತದೆ, ಮಾರ್ಗದ ಮೇಲೆ ಹೊರೆ ಹೆಚ್ಚಿದರೆ ಊರಿನ ದೀಪಗಳು ಮಂಕಾಗುತ್ತವೆ. ಆದರೆ ಸ್ವಿಚ್‌ಗೇರ್, ಅಂದರೆ ವಿದ್ಯುತ್ತನ್ನು ಹರಿಯಗೊಡುವ, ನಿಲ್ಲಿಸುವ, ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸುವ ಮತ್ತು ದೋಷ ತಲೆದೋರಿದಾಗ ತಾನಾಗಿಯೇ ಸಂಪರ್ಕ ಕಡಿಯುವ ಉಪಕರಣಗಳ ಸಮೂಹ, ಮುಚ್ಚಿದ ಉಕ್ಕಿನ ಕಪಾಟುಗಳೊಳಗೆ ವರ್ಷಗಟ್ಟಲೆ ಅಲುಗಾಡದೆ ಇದ್ದುಬಿಡಬಹುದು. ಎಲ್ಲೋ ನೆಲದಡಿಯ ಕೇಬಲ್ ಸಿಡಿದು ನೂರಾರು ಆಂಪಿಯರ್ ಹರಿಯಬೇಕಾದಲ್ಲಿ ಹತ್ತಿಪ್ಪತ್ತು ಸಾವಿರ ಆಂಪಿಯರ್ ನುಗ್ಗಿದಾಗ ಮಾತ್ರ ಅದರ ನಿಜವಾದ ಕೆಲಸ ಶುರುವಾಗುತ್ತದೆ, ಮತ್ತು ಆ ಕೆಲಸ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅವಧಿಯಲ್ಲಿ ಮುಗಿದಿರಬೇಕು. ಸ್ಥಾಪನೆಯ ವೇಳೆ ಆದ ತಪ್ಪನ್ನು ದಿನನಿತ್ಯದ ಬಳಕೆ ಎತ್ತಿ ತೋರಿಸುವುದಿಲ್ಲವಾದ್ದರಿಂದ, ಅದು ಬೆಳಕಿಗೆ ಬರುವುದು ಒಂದೋ ಚಾಲನೆಗೆ ಮುನ್ನ ನಡೆಯುವ ಪರೀಕ್ಷೆಯಲ್ಲಿ, ಇಲ್ಲವೇ ಮುಂದೊಂದು ದಿನದ ಅವಘಡದಲ್ಲಿ. ಅಧಿಕ ವೋಲ್ಟೇಜಿನ ಸ್ವಿಚ್‌ಗೇರ್ ಸ್ಥಾಪನೆಗೆ ಇರುವ ನಿಯಮಗಳೆಲ್ಲವೂ ಮೂಲತಃ ಈ ಒಂದು ಸಂಗತಿಯಿಂದ ಹುಟ್ಟಿದವು.

ಭಾರತದ ವಾಡಿಕೆಯಲ್ಲಿ 650 ವೋಲ್ಟನ್ನು ದಾಟಿ 33 ಸಾವಿರ ವೋಲ್ಟ್, ಅಂದರೆ 33 ಕಿಲೋವೋಲ್ಟ್‌ವರೆಗಿನದನ್ನು ಅಧಿಕ ವೋಲ್ಟೇಜ್ ಎಂದೂ ಅದಕ್ಕೂ ಮೇಲಿನದನ್ನು ಅತ್ಯಧಿಕ ವೋಲ್ಟೇಜ್ ಎಂದೂ ಕರೆಯಲಾಗುತ್ತದೆ. ಕರ್ನಾಟಕಕ್ಕೆ ಈ ಮಟ್ಟದ ವಿದ್ಯುತ್ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು ಆ ಕಾಲಕ್ಕೆ ಅಪೂರ್ವವೆನಿಸಿದ ಅಧಿಕ ವೋಲ್ಟೇಜಿನ ಮಾರ್ಗದಲ್ಲಿಯೇ. ಇಂದು ರಾಜ್ಯದ ಪ್ರಸರಣ ಜಾಲದಲ್ಲಿ 66, 110, 220 ಮತ್ತು 400 ಕಿಲೋವೋಲ್ಟ್ ಮಟ್ಟಗಳಿದ್ದು, ಉಪಕೇಂದ್ರಗಳಿಂದ ಊರು ಕೇರಿಗಳತ್ತ ಹೊರಡುವ ವಿತರಣಾ ಮಾರ್ಗಗಳಲ್ಲಿ 11 ಕಿಲೋವೋಲ್ಟಿನವೇ ಹೆಚ್ಚು. ಕಾರ್ಖಾನೆ, ಆಸ್ಪತ್ರೆ, ಬಹುಮಹಡಿ ವಸತಿ ಸಮುಚ್ಚಯಗಳೂ ಈಗ 11 ಕಿಲೋವೋಲ್ಟಿನಲ್ಲೇ ವಿದ್ಯುತ್ ಪಡೆದು ತಮ್ಮ ಆವರಣದ ಪರಿವರ್ತಕದಲ್ಲಿ ಅದನ್ನು ಇಳಿಸಿಕೊಳ್ಳುವುದರಿಂದ, ಸಾಮಾನ್ಯ ನಾಗರಿಕರ ವಾಸದ ಸಮೀಪಕ್ಕೆ ಬಂದಿರುವ ಅಧಿಕ ವೋಲ್ಟೇಜಿನ ಉಪಕರಣವೆಂದರೆ ಮುಖ್ಯವಾಗಿ 11 ಕಿಲೋವೋಲ್ಟಿನ ಸ್ವಿಚ್‌ಗೇರ್. ಆದಕಾರಣ ಇಲ್ಲಿನ ವಿವರಣೆಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಕಡಿಯುವುದು ಒಂದು, ಬೇರ್ಪಡಿಸುವುದು ಇನ್ನೊಂದು

ಮನೆಯ ಸ್ವಿಚ್ಚಿನಲ್ಲಿ ಒಂದೇ ಗುಂಡಿ ಮಾಡುವ ಕೆಲಸವನ್ನು ಅಧಿಕ ವೋಲ್ಟೇಜಿನಲ್ಲಿ ಮೂರು ಬೇರೆ ಬೇರೆ ಸಾಧನಗಳು ಹಂಚಿಕೊಂಡಿರುತ್ತವೆ. ಮೊದಲನೆಯದಾದ ಸರ್ಕ್ಯೂಟ್ ಬ್ರೇಕರ್ ಹರಿಯುತ್ತಿರುವ ಪ್ರವಾಹವನ್ನು, ದೋಷಕಾಲದ ಭಾರಿ ಪ್ರವಾಹವನ್ನೂ ಸೇರಿಸಿ, ಕಡಿಯಬಲ್ಲದು. ಎರಡನೆಯದಾದ ಐಸೊಲೇಟರ್‌ಗೆ ಆ ಶಕ್ತಿಯಿಲ್ಲ. ಬ್ರೇಕರ್ ಪ್ರವಾಹವನ್ನು ನಿಲ್ಲಿಸಿದ ಮೇಲೆ ತೆರೆದುಕೊಂಡು, ಕೆಲಸ ಮಾಡಬೇಕಾದ ಭಾಗಕ್ಕೂ ವಿದ್ಯುತ್ತಿರುವ ಭಾಗಕ್ಕೂ ನಡುವೆ ನಂಬಬಹುದಾದ ಅಂತರವನ್ನು ಉಂಟುಮಾಡುವುದಷ್ಟೇ ಅದರ ಕರ್ತವ್ಯ. ಹಳ್ಳಿಗಳ ಮಾರ್ಗಗಳಲ್ಲಿ ಕಂಬದ ಮೇಲೆ ಕಾಣುವ, ಕೆಳಗಿನ ಹಿಡಿಯಿಂದ ಮೂರೂ ಫೇಸುಗಳನ್ನು ಒಟ್ಟಿಗೆ ತೆರೆಯುವ ಜಿ.ಓ.ಎಸ್. ಈ ಬಗೆಯ ಸಾಧನವೇ. ಮೂರನೆಯದಾದ ಭೂಸಂಪರ್ಕ ಸ್ವಿಚ್ ಬೇರ್ಪಟ್ಟ ಭಾಗವನ್ನು ನೆಲಕ್ಕೆ ಜೋಡಿಸಿ, ಅದರಲ್ಲಿ ಉಳಿದಿರುವ ಅಥವಾ ಮತ್ತೆ ಬರಬಹುದಾದ ವಿದ್ಯುತ್ತನ್ನು ಭೂಮಿಗೆ ಇಳಿಸುತ್ತದೆ.

ಈ ಮೂರು ಸಾಧನಗಳ ಕ್ರಮ ತಪ್ಪಿದರೆ ಅನಾಹುತ ಖಚಿತ. ಪ್ರವಾಹ ಹರಿಯುತ್ತಿರುವಾಗಲೇ ಐಸೊಲೇಟರನ್ನು ತೆರೆದರೆ ಅದರ ತುದಿಗಳ ನಡುವೆ ಆರದ ಕಿಡಿಯೊಂದು ಎಳೆದುಕೊಳ್ಳುತ್ತದೆ. ವಿದ್ಯುತ್ತಿರುವ ಭಾಗದ ಮೇಲೆ ಭೂಸಂಪರ್ಕ ಸ್ವಿಚ್ಚನ್ನು ಮುಚ್ಚಿದರೆ ಮೂರೂ ಫೇಸುಗಳು ಒಮ್ಮೆಲೇ ನೆಲಕ್ಕೆ ಜೋಡಣೆಯಾಗುತ್ತವೆ. ಮನುಷ್ಯನ ನೆನಪನ್ನು ಮಾತ್ರ ನೆಚ್ಚಿಕೊಳ್ಳಬಾರದೆಂದು ಆಧುನಿಕ ಸ್ವಿಚ್‌ಗೇರಿನಲ್ಲಿ ಇಂಟರ್‌ಲಾಕ್ ಎಂಬ ಯಾಂತ್ರಿಕ ತಡೆಗಳನ್ನು ಅಳವಡಿಸಿರುತ್ತಾರೆ. ಬ್ರೇಕರ್ ಮುಚ್ಚಿರುವಾಗ ಅದನ್ನು ಹೊತ್ತ ಟ್ರಾಲಿಯನ್ನು ಒಳಗೆ ತಳ್ಳಲಾಗಲೀ ಹೊರಗೆ ಎಳೆಯಲಾಗಲೀ ಬರುವುದಿಲ್ಲ. ಕೇಬಲ್ ಕೋಣೆಯ ಬಾಗಿಲು ಭೂಸಂಪರ್ಕ ಸ್ವಿಚ್ ಮುಚ್ಚಿದ ಮೇಲಷ್ಟೇ ತೆರೆಯುತ್ತದೆ. ಸ್ಥಾಪನೆಯ ಗಡಿಬಿಡಿಯಲ್ಲಿ, ಬಾಗಿಲು ಸರಿಯಾಗಿ ಕೂರುತ್ತಿಲ್ಲವೆಂದೋ ಟ್ರಾಲಿ ಜಾರುತ್ತಿಲ್ಲವೆಂದೋ ಇಂತಹ ತಡೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು ಆಮೇಲೆ ಮರೆತುಬಿಡುವುದು ಅತ್ಯಂತ ಅಪಾಯಕಾರಿ ಅಭ್ಯಾಸ, ಏಕೆಂದರೆ ಮುಂದೆ ಆ ಉಪಕರಣವನ್ನು ಬಳಸುವವರು ತಡೆ ಇದೆಯೆಂಬ ನಂಬಿಕೆಯ ಮೇಲೆಯೇ ಕೈ ಹಾಕುತ್ತಾರೆ.

ಆರ್ಕ್ ಎಂಬ ಶತ್ರು

ಎರಡು ವಾಹಕಗಳು ಬೇರ್ಪಡುವಾಗ, ಅಥವಾ ಅವುಗಳ ನಡುವಿನ ಅವಾಹಕ ಸೋತಾಗ, ಗಾಳಿಯೇ ವಾಹಕವಾಗಿ ಮಾರ್ಪಟ್ಟು ಉರಿಯುವ ಪ್ರಖರ ವಿದ್ಯುತ್ ಜ್ವಾಲೆಗೆ ಆರ್ಕ್ ಎಂದು ಹೆಸರು. ಅದರ ತಾಪ ಸುಮಾರು 20 ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅಲ್ಲಿ ತಾಮ್ರ ಕರಗುವುದಷ್ಟೇ ಅಲ್ಲದೆ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಿ ಸ್ಫೋಟದ ಒತ್ತಡವನ್ನು ಉಂಟುಮಾಡುತ್ತದೆ. ಮಾಮೂಲಿ ಬ್ರೇಕರಿನೊಳಗೂ ಪ್ರತಿ ಬಾರಿ ಆರ್ಕ್ ಹುಟ್ಟುತ್ತದಾದರೂ ಅದನ್ನು ನಿಯಂತ್ರಿತ ಸ್ಥಳದಲ್ಲಿ ಆರಿಸಲಾಗುತ್ತದೆ. ಪರ್ಯಾಯ ವಿದ್ಯುತ್ ಸೆಕೆಂಡಿಗೆ 50 ಆವರ್ತನಗಳನ್ನು ಪೂರೈಸುವಾಗ ಪ್ರವಾಹ ನೂರು ಬಾರಿ ಸೊನ್ನೆಯನ್ನು ಹಾದುಹೋಗುತ್ತದೆ; ಆ ಸೊನ್ನೆಯ ಗಳಿಗೆಯಲ್ಲಿ ಆರಿದ ಆರ್ಕ್ ಮತ್ತೆ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವುದೇ ಬ್ರೇಕರ್ ವಿನ್ಯಾಸದ ಸಾರ. ಹಿಂದೆ ಈ ಕೆಲಸಕ್ಕೆ ಖನಿಜ ತೈಲವನ್ನು ಬಳಸುತ್ತಿದ್ದರು. ಈಗ 11 ಮತ್ತು 33 ಕಿಲೋವೋಲ್ಟಿನಲ್ಲಿ ನಿರ್ವಾತದ ಕೊಳವೆಯೇ ಸಾಮಾನ್ಯವಾಗಿದ್ದು, 11 ಕಿಲೋವೋಲ್ಟಿಗೆ ಅದರೊಳಗಿನ ಸಂಪರ್ಕ ತುದಿಗಳು ಸುಮಾರು ಒಂದು ಸೆಂಟಿಮೀಟರ್ ದೂರ ಸರಿದರೆ ಸಾಕು. ಇನ್ನೂ ಮೇಲಿನ ವೋಲ್ಟೇಜುಗಳಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲದ ಬಳಕೆಯೇ ಹೆಚ್ಚು.

ಬ್ರೇಕರಿನ ಹೊರಗೆ, ಕಪಾಟಿನೊಳಗಿನ ಬೇರೆಲ್ಲೋ ಹುಟ್ಟುವ ಆರ್ಕ್ ಮಾತ್ರ ಯಾರ ಹಿಡಿತಕ್ಕೂ ಸಿಗದು. ಅಂಥ ಆರ್ಕ್ ತರುವ ಸುಡುಗಾಯಗಳ ಅಪಾಯವನ್ನು ವಿದ್ಯುದಾಘಾತಕ್ಕಿಂತ ಬೇರೆಯದೇ ಆದ ಸಮಸ್ಯೆಯಾಗಿ ಎಂಜಿನಿಯರುಗಳ ಮುಂದಿಟ್ಟದ್ದು ಅಮೆರಿಕದ ರಾಲ್ಫ್ ಲೀ 1982ರಲ್ಲಿ ಪ್ರಕಟಿಸಿದ ಲೇಖನ. ಅಲ್ಲಿಯವರೆಗೆ ವಿದ್ಯುತ್ ಸುರಕ್ಷತೆಯೆಂದರೆ ಮುಟ್ಟದಿರುವುದು ಎಂಬಷ್ಟೇ ಅರ್ಥವಿತ್ತು; ಆರ್ಕಿನ ವಿಷಯದಲ್ಲಿ ಮುಟ್ಟದೆ ಹತ್ತಿರ ನಿಂತವರೂ ಸುಟ್ಟುಹೋಗಬಲ್ಲರು. ಇದಕ್ಕೆ ಉತ್ತರವಾಗಿ ರೂಪುಗೊಂಡದ್ದೇ ಆಂತರಿಕ ಆರ್ಕ್ ಪರೀಕ್ಷೆಗೆ ಒಳಪಟ್ಟ ಕಪಾಟುಗಳು. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 62271-200 ಎಂಬ ಮಾನಕದಂತೆ ಕಪಾಟಿನೊಳಗೆ ಬೇಕೆಂದೇ ಆರ್ಕ್ ಹೊತ್ತಿಸಿ, ತರಬೇತಾದ ಸಿಬ್ಬಂದಿ ಮಾತ್ರ ಓಡಾಡುವ ಕೊಠಡಿಗೆ ಮೀಸಲಾದ ಕಪಾಟಾದರೆ 30 ಸೆಂಟಿಮೀಟರ್ ದೂರದಲ್ಲಿ ಹತ್ತಿ ಬಟ್ಟೆಯ ತುಂಡುಗಳನ್ನು ತೂಗುಹಾಕಿ, ಅವು ಹೊತ್ತಿಕೊಳ್ಳುತ್ತವೆಯೇ ಎಂಬುದನ್ನು ನೋಡಲಾಗುತ್ತದೆ.

ಸ್ಥಾಪನೆ ಮಾಡುವವರು ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಪರೀಕ್ಷೆ ನಡೆಯುವುದು ಎಲ್ಲ ಬಾಗಿಲುಗಳನ್ನು ಮುಚ್ಚಿ, ಎಲ್ಲ ಬೋಲ್ಟುಗಳನ್ನು ಬಿಗಿದು, ಮಾಡಿನಿಂದ ನಿರ್ದಿಷ್ಟ ಅಂತರವಿಟ್ಟು, ನೆತ್ತಿಯ ಮೇಲಿನ ಒತ್ತಡ ಬಿಡುಗಡೆಯ ಮುಚ್ಚಳಗಳು ತೆರೆದುಕೊಳ್ಳಲು ಜಾಗ ಉಳಿಸಿದ ಸ್ಥಿತಿಯಲ್ಲಿ. ಅದೇ ಕಪಾಟನ್ನು ತಗ್ಗಿನ ಮಾಡಿನ ಕೋಣೆಯಲ್ಲಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಕೇಬಲ್ ಟ್ರೇ ಹಾಯಿಸಿ, ಹಿಂಬದಿಯ ಹತ್ತಾರು ಬೋಲ್ಟುಗಳಲ್ಲಿ ನಾಲ್ಕನ್ನಷ್ಟೇ ಹಾಕಿದರೆ, ಪ್ರಮಾಣಪತ್ರ ಕೈಯಲ್ಲಿದ್ದರೂ ಅದು ಹೇಳುವ ರಕ್ಷಣೆ ಆ ಕೋಣೆಯಲ್ಲಿ ಇರುವುದಿಲ್ಲ. ಪರೀಕ್ಷಾಲಯದ ಷರತ್ತುಗಳನ್ನು ನಿವೇಶನದಲ್ಲಿ ಮತ್ತೆ ಕಟ್ಟಿಕೊಡುವುದೇ ಸ್ಥಾಪನೆಯ ಅರ್ಧ ಕೆಲಸ.

ಕೋಣೆ ಮತ್ತು ನೆಲಗಟ್ಟು

ಆದ್ದರಿಂದ ಸುರಕ್ಷತೆಯ ಮೊದಲ ನಿರ್ಧಾರಗಳು ಎಲೆಕ್ಟ್ರಿಷಿಯನ್ನರಿಗಿಂತ ಮುಂಚೆ ಗಾರೆ ಕೆಲಸದವರ ಕೈಯಲ್ಲಿರುತ್ತವೆ. ಕಪಾಟುಗಳು ಕೂರುವ ಉಕ್ಕಿನ ಚಾನೆಲ್‌ಗಳು ಮೀಟರಿಗೆ ಸುಮಾರು ಒಂದು ಮಿಲಿಮೀಟರಿಗಿಂತ ಹೆಚ್ಚು ಏರುಪೇರಾಗಿರಬಾರದೆಂದು ತಯಾರಕರು ಸಾಮಾನ್ಯವಾಗಿ ಕೇಳುತ್ತಾರೆ. ನೆಲ ವಾರೆಯಾದರೆ ಕಪಾಟುಗಳ ಚೌಕಟ್ಟು ತಿರುಚಿಕೊಂಡು, ಟ್ರಾಲಿಯ ಸಂಪರ್ಕ ಬೆರಳುಗಳು ಎದುರಿನ ಸಂಪರ್ಕದ ಮೇಲೆ ನೇರವಾಗಿ ಕೂರದೆ ಒಂದು ಬದಿಗೆ ಒತ್ತುತ್ತವೆ, ಇಂಟರ್‌ಲಾಕಿನ ಸರಳುಗಳು ಸಿಕ್ಕಿಕೊಳ್ಳುತ್ತವೆ; ಆಗಲೇ ಅವುಗಳನ್ನು ಬಿಚ್ಚುವ ಆಸೆ ಹುಟ್ಟುವುದು.

ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ವಿನಿಯಮಗಳ ಪರಂಪರೆಯಲ್ಲಿ ಸ್ವಿಚ್‌ಬೋರ್ಡಿನ ಸುತ್ತಲಿನ ಜಾಗದ ಬಗ್ಗೆ ಸೊಗಸಾದ ನಿಯಮವೊಂದಿದೆ. ಮುಂದೆ ಕನಿಷ್ಠ ಒಂದು ಮೀಟರ್ ತೆರವಿರಬೇಕು ಎಂಬುದು ಯಾರಿಗಾದರೂ ಹೊಳೆಯುವಂಥದ್ದು. ಆದರೆ ಹಿಂಬದಿಯಲ್ಲಿ ತೆರೆದ ಸಂಪರ್ಕಗಳಿದ್ದರೆ ಅಲ್ಲಿನ ಅಂತರ 20 ಸೆಂಟಿಮೀಟರಿಗಿಂತ ಕಡಿಮೆಯಿರಬೇಕು, ಇಲ್ಲವೇ 75 ಸೆಂಟಿಮೀಟರಿಗಿಂತ ಹೆಚ್ಚಿರಬೇಕು ಎನ್ನುತ್ತದೆ ನಿಯಮ. 20ಕ್ಕಿಂತ ಕಡಿಮೆಯಾದರೆ ಯಾರೂ ಒಳಗೆ ನುಸುಳಲಾರರು, 75ಕ್ಕಿಂತ ಹೆಚ್ಚಾದರೆ ಒಳಹೋದವರು ಮೈ ತಾಗಿಸದೆ ಓಡಾಡಬಲ್ಲರು. ಇವೆರಡರ ನಡುವಣ ಇಕ್ಕಟ್ಟೇ ಮನುಷ್ಯ ಹೊಕ್ಕು ಸಿಕ್ಕಿಬೀಳುವ ಜಾಗ. ಕೋಣೆಗೆ ಎರಡು ತುದಿಯಲ್ಲೂ ಹೊರಮುಖವಾಗಿ ತೆರೆಯುವ ಬಾಗಿಲುಗಳಿರಬೇಕೆಂಬುದರ ಹಿಂದೆಯೂ ಇದೇ ಬಗೆಯ ವಿಚಾರವಿದೆ: ಹೊಗೆ ತುಂಬಿದ ಕೋಣೆಯಲ್ಲಿ ಬಾಗಿಲನ್ನು ತನ್ನತ್ತ ಎಳೆದುಕೊಳ್ಳುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಬಯಲಿನ ಉಪಕೇಂದ್ರಗಳಲ್ಲಿ ಇದೇ ವಿಚಾರ ಎತ್ತರ ಮತ್ತು ದೂರಗಳ ರೂಪ ತಾಳುತ್ತದೆ. ಕೆಲಸ ಮಾಡುವ ಜಾಗಕ್ಕೂ ವಿದ್ಯುತ್ತಿರುವ ಭಾಗಕ್ಕೂ 11 ಕಿಲೋವೋಲ್ಟಿಗೆ 2.6 ಮೀಟರ್, 220ಕ್ಕೆ 4.3 ಮೀಟರ್, 400ಕ್ಕೆ 6.4 ಮೀಟರ್ ಕನಿಷ್ಠ ಅಂತರವನ್ನು ವಿನಿಯಮಗಳು ವಿಧಿಸುತ್ತವೆ.

ಕೇಬಲ್‌ಗಳು ಒಳಬರುವ ತೋಡುಗಳ ಬಾಯನ್ನು ಮುಚ್ಚುವುದು ಚಿಕ್ಕ ಕೆಲಸವೆಂದು ಕಂಡರೂ ನಮ್ಮ ನಾಡಿನಲ್ಲಿ ಅದರ ಮಹತ್ವ ದೊಡ್ಡದು. ತೆರೆದ ತೂತಿನಿಂದ ಇಲಿ, ಹಲ್ಲಿ, ಹಾವುಗಳು ಬೆಚ್ಚನೆಯ ಕಪಾಟನ್ನು ಹುಡುಕಿಕೊಂಡು ಬರುತ್ತವೆ, ಮತ್ತು ವಿದ್ಯುತ್ ಒಯ್ಯುವ ಎರಡು ಲೋಹದ ಪಟ್ಟಿಗಳ ನಡುವೆ ಒಂದು ಹಲ್ಲಿ ಚಾಚಿಕೊಂಡರೂ ಆರ್ಕ್ ಹೊತ್ತಲು ಅಷ್ಟೇ ಸಾಕಾಗುತ್ತದೆ. ಮಳೆಗಾಲದಲ್ಲಿ ಅದೇ ತೋಡಿನಿಂದ ಏರುವ ತೇವ ತಣ್ಣನೆಯ ಅವಾಹಕಗಳ ಮೇಲೆ ಹನಿಗಟ್ಟುತ್ತದೆ. ಇದನ್ನು ತಡೆಯಲೆಂದೇ ಕಪಾಟಿನೊಳಗೆ ಸಣ್ಣ ಹೀಟರ್‌ಗಳನ್ನಿಟ್ಟಿರುತ್ತಾರೆ. ಸ್ಥಾಪನೆಗೆ ಮೊದಲು ತಿಂಗಳುಗಟ್ಟಲೆ ಉಗ್ರಾಣದಲ್ಲಿ ಇಡುವಾಗಲೂ ಅವುಗಳಿಗೆ ವಿದ್ಯುತ್ ಕೊಡಬೇಕೆಂಬುದನ್ನು ಹಲವರು ಮರೆಯುತ್ತಾರೆ.

ಕಾಲಡಿಯ ಜಾಲರಿ

ದೋಷಪ್ರವಾಹ ಭೂಮಿಗಿಳಿಯುವಾಗ ಆ ಜಾಗದ ನೆಲದ ವೋಲ್ಟೇಜೇ ಏರುತ್ತದೆ. ಇಳಿದ ಬಿಂದುವಿನಿಂದ ದೂರ ಹೋದಂತೆ ಅದು ಇಳಿಯುತ್ತಾ ಹೋಗುವುದರಿಂದ, ಹೆಜ್ಜೆ ಅಗಲಿಸಿ ನಿಂತವರ ಎರಡು ಪಾದಗಳ ನಡುವೆ ಒಂದಷ್ಟು ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ಇದಕ್ಕೆ ಹೆಜ್ಜೆ ವೋಲ್ಟೇಜ್ ಎನ್ನಬಹುದು. ಕಪಾಟನ್ನು ಮುಟ್ಟಿ ನಿಂತವರ ಕೈಗೂ ಕಾಲಿಗೂ ನಡುವೆ ಬರುವುದು ಸ್ಪರ್ಶ ವೋಲ್ಟೇಜ್. ಇವೆರಡನ್ನೂ ದೇಹ ತಾಳಬಲ್ಲ ಮಿತಿಯೊಳಗೆ ಇರಿಸಲು ಉಪಕೇಂದ್ರದ ಅಡಿಯಲ್ಲಿ ಉಕ್ಕಿನ ಪಟ್ಟಿ ಅಥವಾ ಸರಳುಗಳ ಜಾಲರಿಯೊಂದನ್ನು ಹೂಳಿ, ಪ್ರತಿ ಉಪಕರಣವನ್ನೂ ಅದಕ್ಕೆ ಬೆಸೆಯಲಾಗುತ್ತದೆ. ಇಡೀ ನೆಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದರ ಮೇಲೆ ನಿಂತವರಿಗೆ ಅಪಾಯ ಬಹಳ ಕಡಿಮೆಯಾಗುತ್ತದೆ.

ಪ್ರತಿ ಉಪಕರಣದ ಲೋಹದ ಮೈಗೂ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕೆಂಬುದು ಭಾರತೀಯ ನಿಯಮ; ಒಂದು ತುಕ್ಕು ಹಿಡಿದು ಕಡಿದುಹೋದರೂ ಇನ್ನೊಂದು ಉಳಿದಿರಲಿ ಎಂಬುದು ಅದರ ಉದ್ದೇಶ. ಎರಡನ್ನೂ ಒಂದೇ ಬೋಲ್ಟಿಗೆ ಸಿಕ್ಕಿಸಿದರೆ ಲೆಕ್ಕಕ್ಕೆ ಎರಡಾದರೂ ರಕ್ಷಣೆಗೆ ಒಂದೇ. ಬಣ್ಣ ಬಳಿದ ಮೇಲ್ಮೈಯ ಮೇಲೆ ಭೂಸಂಪರ್ಕದ ಪಟ್ಟಿಯನ್ನು ಬಿಗಿಯುವುದೂ ಇಂಥದೇ ತಪ್ಪು, ಏಕೆಂದರೆ ಬಣ್ಣ ಅವಾಹಕ. ಬಯಲಿನ ಉಪಕೇಂದ್ರಗಳಲ್ಲಿ ಹರಡಿರುವ ಜಲ್ಲಿಕಲ್ಲು ಅಲಂಕಾರಕ್ಕೆಂದು ಭಾವಿಸುವವರಿದ್ದಾರೆ. ಹತ್ತರಿಂದ ಹದಿನೈದು ಸೆಂಟಿಮೀಟರ್ ದಪ್ಪದ ಆ ಪದರ ಮಳೆಯಲ್ಲೂ ನೀರನ್ನು ಬಸಿದು, ಪಾದಕ್ಕೂ ಮಣ್ಣಿಗೂ ನಡುವೆ ಹೆಚ್ಚಿನ ನಿರೋಧವನ್ನು ಒಡ್ಡಿ, ದೇಹದ ಮೂಲಕ ಹಾಯುವ ಪ್ರವಾಹವನ್ನು ತಗ್ಗಿಸುತ್ತದೆ. ಕಪಾಟಿನ ಮುಂದೆ ಹಾಸುವ ಅವಾಹಕ ರಬ್ಬರ್ ಹಾಸು ಒಳಾಂಗಣದಲ್ಲಿ ಅದೇ ಕೆಲಸ ಮಾಡುತ್ತದೆ. 11 ಕಿಲೋವೋಲ್ಟಿಗೆ ಭಾರತೀಯ ಮಾನಕವು 2.5 ಮಿಲಿಮೀಟರ್ ದಪ್ಪದ ಹಾಸನ್ನು ಸೂಚಿಸುತ್ತದೆ. ಬಂಡೆಯ ನೆಲದಲ್ಲಿ ಭೂಮಿಯ ನಿರೋಧವೇ ಹೆಚ್ಚಿರುವುದರಿಂದ ಮಣ್ಣಿನ ಗುಣವನ್ನು ಮೊದಲೇ ಅಳೆದು ಜಾಲರಿಯನ್ನು ಹಿಗ್ಗಿಸಬೇಕಾಗುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಇದನ್ನು ಸರಿಪಡಿಸಲು ದಾರಿಯಿಲ್ಲ.

ಬೋಲ್ಟು, ಚಾಕು, ಅನಿಲ

ಬಸ್‌ಬಾರ್ ಎಂದರೆ ಕಪಾಟಿನಿಂದ ಕಪಾಟಿಗೆ ಸಾಗುವ ತಾಮ್ರ ಅಥವಾ ಅಲ್ಯೂಮಿನಿಯಂ ಪಟ್ಟಿ. ಅದರ ಒಂದು ಜೋಡಣೆಯ ನಿರೋಧ ಐದು ಮೈಕ್ರೋ ಓಮ್ ಇರಬೇಕಾದಲ್ಲಿ, ಬೋಲ್ಟು ಸಡಿಲವಾಗಿ 50 ಮೈಕ್ರೋ ಓಮ್ ಆಯಿತೆಂದು ಇಟ್ಟುಕೊಳ್ಳಬಹುದು. 1250 ಆಂಪಿಯರಿನ ಪೂರ್ಣ ಹೊರೆಯಲ್ಲಿ ಅಲ್ಲಿ ಸುಮಾರು ಎಂಟು ವ್ಯಾಟಿನ ಬದಲು 78 ವ್ಯಾಟ್ ಶಾಖ ಹುಟ್ಟುತ್ತದೆ. ಹೊರೆ ಹಗುರವಾಗಿರುವ ದಿನಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ 25 ಸಾವಿರ ಆಂಪಿಯರಿನ ದೋಷಪ್ರವಾಹ ಹರಿದಾಗ ಅದೇ ಜೋಡಣೆಯಲ್ಲಿ 31 ಸಾವಿರ ವ್ಯಾಟಿಗಿಂತ ಹೆಚ್ಚು ಶಾಖ ಉಕ್ಕುತ್ತದೆ, ಮತ್ತು ಇಪ್ಪತ್ತು ಸೆಂಟಿಮೀಟರ್ ಅಂತರದ ಬಸ್‌ಬಾರ್‌ಗಳ ನಡುವೆ ಮೊದಲ ತುದಿಯಲ್ಲೇ ಮೀಟರಿಗೆ 300 ಕಿಲೋಗ್ರಾಂ ತೂಕಕ್ಕೂ ಮೀರಿದ ಕಾಂತೀಯ ಬಲ ಎದ್ದು ಅವುಗಳನ್ನು ಬಾಗಿಸಲು ಹವಣಿಸುತ್ತದೆ. ಬೋಲ್ಟುಗಳನ್ನು ಅಂದಾಜಿಗೆ ತಿರುಗಿಸದೆ ಟಾರ್ಕ್ ಸ್ಪ್ಯಾನರಿನಿಂದ, ಅಂದರೆ ತಿರುಗಿಸುವ ಬಲವನ್ನು ಅಳೆದು ತೋರಿಸುವ ಸಾಧನದಿಂದ, ತಯಾರಕರು ಹೇಳಿದಷ್ಟೇ ಬಿಗಿದು, ಬಿಗಿದದ್ದಕ್ಕೆ ಗುರುತಾಗಿ ಬಣ್ಣದ ಗೆರೆ ಎಳೆಯುವ ಪದ್ಧತಿ ಇದಕ್ಕಾಗಿಯೇ ಇದೆ. ಅತಿಯಾಗಿ ಬಿಗಿದರೆ ಬೋಲ್ಟಿನ ಎಳೆ ಸೋತು, ಅದೂ ಸಡಿಲವೇ ಆಗುತ್ತದೆ.

ಕೇಬಲ್ ತುದಿಯ ಜೋಡಣೆ ಇನ್ನೂ ನಾಜೂಕಿನ ಕಸಬು. 11 ಕಿಲೋವೋಲ್ಟಿನ ಕೇಬಲ್‌ನಲ್ಲಿ ವಾಹಕದ ಸುತ್ತ ಅವಾಹಕವೂ ಅದರ ಮೇಲೆ ಅರೆವಾಹಕದ ತೆಳು ಪದರವೂ ಆಮೇಲೆ ಲೋಹದ ಹೊದಿಕೆಯೂ ಇರುತ್ತವೆ. ಈ ಹೊದಿಕೆ ಮುಗಿಯುವ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ ನೆರೆಯುವುದರಿಂದ ಅದನ್ನು ಹರಡುವ ವಿಶೇಷ ತೋಳನ್ನು ಅಲ್ಲಿ ಕೂರಿಸಬೇಕು. ಅರೆವಾಹಕ ಪದರವನ್ನು ಕೆತ್ತುವಾಗ ಚಾಕು ಒಳಗಿನ ಅವಾಹಕಕ್ಕೆ ಕೂದಲೆಳೆಯಷ್ಟು ಗೀರು ಮಾಡಿದರೂ, ಒಂದು ಬೆವರ ಹನಿ ಬಿದ್ದರೂ, ಅಲ್ಲಿ ಭಾಗಶಃ ವಿಸರ್ಜನೆ ಎಂಬ ಕಣ್ಣಿಗೆ ಕಾಣದ ಸಣ್ಣ ಕಿಡಿಗಳು ಶುರುವಾಗಿ, ಗೆದ್ದಲು ಮರವನ್ನು ತಿನ್ನುವಂತೆ ತಿಂಗಳುಗಳ ಕಾಲ ಅವಾಹಕವನ್ನು ಒಳಗೊಳಗೇ ಕೊರೆಯುತ್ತವೆ. ಆದ್ದರಿಂದಲೇ ಈ ಕೆಲಸವನ್ನು ಧೂಳು ಮಳೆಗಳಿಲ್ಲದ ಹೊತ್ತಿನಲ್ಲಿ, ನುರಿತ ಕೇಬಲ್ ಜಾಯಿಂಟರ್‌ನಿಂದ, ಒಂದೇ ಬೈಠಕ್ಕಿನಲ್ಲಿ ಮುಗಿಸುವುದು ಕ್ರಮ.

ಸಲ್ಫರ್ ಹೆಕ್ಸಾಫ್ಲೋರೈಡ್ ತುಂಬಿದ ಉಪಕರಣಗಳಲ್ಲಿ ಎಚ್ಚರಿಕೆಯ ಬಗೆ ಬೇರೆ. ಬಣ್ಣ ವಾಸನೆಗಳಿಲ್ಲದ, ತನ್ನಷ್ಟಕ್ಕೆ ವಿಷವೂ ಅಲ್ಲದ ಈ ಅನಿಲ ಗಾಳಿಗಿಂತ ಐದು ಪಟ್ಟು ಭಾರವಾದ್ದರಿಂದ, ಸೋರಿದರೆ ಕೇಬಲ್ ತೋಡುಗಳಲ್ಲಿ ತಂಗಿ ಅಲ್ಲಿನ ಆಮ್ಲಜನಕವನ್ನು ಹೊರದೂಡುತ್ತದೆ. ತೋಡಿಗಿಳಿದವರಿಗೆ ಉಸಿರುಗಟ್ಟುವವರೆಗೂ ಸುಳಿವು ಸಿಗುವುದಿಲ್ಲ. ಆರ್ಕಿನ ಬಿಸಿಗೆ ಸಿಕ್ಕಿ ಒಡೆದ ಅನಿಲವಾದರೋ ವಿಷಕಾರಿ ಸಂಯುಕ್ತಗಳನ್ನು ಉಂಟುಮಾಡುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿಗಿಂತ 23 ಸಾವಿರ ಪಟ್ಟಿಗೂ ಹೆಚ್ಚಾದ್ದರಿಂದ ಐರೋಪ್ಯ ಒಕ್ಕೂಟವು 24 ಕಿಲೋವೋಲ್ಟ್‌ವರೆಗಿನ ಹೊಸ ಸ್ವಿಚ್‌ಗೇರಿನಲ್ಲಿ ಇಂತಹ ಅನಿಲಗಳ ಬಳಕೆಗೆ 2026ರ ಆರಂಭದಿಂದ ತಡೆ ವಿಧಿಸಿದೆ. ಅನಿಲವನ್ನು ತುಂಬುವ ಮುನ್ನ ಕೋಶವನ್ನು ನಿರ್ವಾತಗೊಳಿಸಿ ತೇವವನ್ನು ಹೊರತೆಗೆಯುವುದೂ, ಮಿಕ್ಕಿದ್ದನ್ನು ಗಾಳಿಗೆ ಬಿಡದೆ ಮರಳಿ ಸಿಲಿಂಡರಿಗೆ ತುಂಬಿಕೊಳ್ಳುವುದೂ ಸ್ಥಾಪಕರ ಹೊಣೆ.

ಕೆಲಸಗಾರನ ಪ್ರಾಣರಕ್ಷೆ

ಹೊಸ ಉಪಕರಣವನ್ನು ಹಳೆಯ ಉಪಕೇಂದ್ರದಲ್ಲಿ ಕೂರಿಸುವಾಗ ಪಕ್ಕದ ಕಪಾಟಿನಲ್ಲಿ ಬಹುಪಾಲು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಇಂತಹ ಸಂದರ್ಭಕ್ಕೆ ಜರ್ಮನಿಯ ಅಭ್ಯಾಸದಲ್ಲಿ ಐದು ಸುರಕ್ಷಾ ಸೂತ್ರಗಳೆಂದು ಹೆಸರಾದ ಕ್ರಮವೊಂದು ಈಗ ಅನೇಕ ದೇಶಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಜಾರಿಯಲ್ಲಿದೆ: ಎಲ್ಲ ದಿಕ್ಕಿನಿಂದಲೂ ಸಂಪರ್ಕ ತಪ್ಪಿಸುವುದು, ಮತ್ತೆ ಯಾರೂ ಜೋಡಿಸದಂತೆ ಬೀಗ ಹಾಕುವುದು, ವಿದ್ಯುತ್ ಇಲ್ಲವೆಂಬುದನ್ನು ಉಪಕರಣದಿಂದ ಖಚಿತಪಡಿಸಿಕೊಳ್ಳುವುದು, ಭೂಸಂಪರ್ಕ ಕೊಟ್ಟು ಫೇಸುಗಳನ್ನು ಒಂದಕ್ಕೊಂದು ಜೋಡಿಸುವುದು, ಹತ್ತಿರದ ಸಜೀವ ಭಾಗಗಳನ್ನು ಮರೆಮಾಡುವುದು. ಮೂರನೆಯ ಹೆಜ್ಜೆಯಲ್ಲಿ ಬಳಸುವ ಶೋಧಕವನ್ನು ವಿದ್ಯುತ್ತಿರುವ ಕಡೆ ಒಮ್ಮೆ, ಕೆಲಸದ ಜಾಗದಲ್ಲಿ ಒಮ್ಮೆ, ಮರಳಿ ವಿದ್ಯುತ್ತಿರುವ ಕಡೆ ಇನ್ನೊಮ್ಮೆ ಪರೀಕ್ಷಿಸಬೇಕೆಂಬುದು ನಿಯಮ, ಏಕೆಂದರೆ ಕೆಟ್ಟ ಶೋಧಕವೂ ವಿದ್ಯುತ್ ಇಲ್ಲವೆಂದೇ ಹೇಳುತ್ತದೆ.

ಕರ್ನಾಟಕದ ವಿದ್ಯುತ್ ಸಿಬ್ಬಂದಿಯಲ್ಲಿ ಈ ಶಿಸ್ತಿನ ಆಡಳಿತ ರೂಪಕ್ಕೆ ಲೈನ್ ಕ್ಲಿಯರ್, ಸಂಕ್ಷೇಪವಾಗಿ ಎಲ್.ಸಿ., ಎನ್ನುತ್ತಾರೆ. ಉಪಕೇಂದ್ರದ ಹೊಣೆ ಹೊತ್ತವರು ಮಾರ್ಗವನ್ನು ಬೇರ್ಪಡಿಸಿ ಭೂಸಂಪರ್ಕ ಕೊಟ್ಟು, ಕೆಲಸ ಮಾಡುವ ತಂಡದ ಮುಖ್ಯಸ್ಥನ ಹೆಸರಿಗೆ ಎಲ್.ಸಿ. ಕೊಡುತ್ತಾರೆ, ಅದನ್ನು ಪಡೆದವನು ತಾನೇ ಹಿಂತಿರುಗಿಸುವವರೆಗೆ ಆ ಮಾರ್ಗಕ್ಕೆ ವಿದ್ಯುತ್ ಹರಿಸುವಂತಿಲ್ಲ. ಇಷ್ಟೆಲ್ಲದರ ನಡುವೆಯೂ ವಿದ್ಯುತ್ ಅನಿರೀಕ್ಷಿತ ದಾರಿಗಳಿಂದ ಬರಬಲ್ಲದು. ಗ್ರಾಹಕರ ಡೀಸೆಲ್ ಜನರೇಟರ್ ಅಥವಾ ಮಾಡಿನ ಮೇಲಿನ ಸೌರ ಘಟಕ ಕೆಳಗಿನಿಂದ ಮೇಲಕ್ಕೆ ವಿದ್ಯುತ್ತನ್ನು ಹಿಂದೂಡಬಹುದು. ಪಿ.ಟಿ. ಎಂಬ ಅಳತೆಯ ಪರಿವರ್ತಕ 11 ಸಾವಿರ ವೋಲ್ಟನ್ನು 110 ವೋಲ್ಟಿಗೆ ಇಳಿಸುತ್ತದೆ; ಅದನ್ನು ಬೇರ್ಪಡಿಸದೆ ಮೀಟರುಗಳ ಪರೀಕ್ಷೆಗೆಂದು ಕೆಳಬದಿಗೆ 110 ವೋಲ್ಟ್ ಕೊಟ್ಟರೆ, ಸತ್ತಿದೆ ಎಂದುಕೊಂಡ ಬಸ್‌ಬಾರಿನಲ್ಲಿ 11 ಸಾವಿರ ವೋಲ್ಟ್ ಎದ್ದುನಿಲ್ಲುತ್ತದೆ. ಸಿ.ಟಿ. ಎಂಬ ಪ್ರವಾಹ ಅಳೆಯುವ ಪರಿವರ್ತಕದ ಸ್ವಭಾವವೋ ಇದಕ್ಕೆ ವಿರುದ್ಧ. ಹೊರೆ ಹರಿಯುತ್ತಿರುವಾಗ ಅದರ ಕೆಳಬದಿಯ ತಂತಿಯನ್ನು ಬಿಚ್ಚಿದರೆ ಅಲ್ಲಿ ಮಾರಕ ವೋಲ್ಟೇಜ್ ಹುಟ್ಟುತ್ತದೆ, ಆದ್ದರಿಂದ ಬಳಸದ ಸಿ.ಟಿ.ಯ ತುದಿಗಳನ್ನು ಸದಾ ಒಂದಕ್ಕೊಂದು ಜೋಡಿಸಿಡಬೇಕು. ಭೂಸಂಪರ್ಕ ನೀಡದ ಹೊರತು ಯಾವ ವಾಹಕವೂ ಸುರಕ್ಷಿತವಲ್ಲ ಎಂಬ ಸೂತ್ರದ ಅರ್ಥ ಇಂತಹ ಸಂದರ್ಭಗಳಲ್ಲಿ ಸ್ಪಷ್ಟವಾಗುತ್ತದೆ.

ಚಾಲನೆಗೆ ಮುನ್ನ

ಜೋಡಣೆ ಮುಗಿದ ಮೇಲೆ ನಡೆಯುವ ಪರೀಕ್ಷೆಗಳು ಮೇಲಿನ ಒಂದೊಂದು ಹಂತಕ್ಕೂ ಒಂದೊಂದು ಪ್ರಶ್ನೆ ಕೇಳುತ್ತವೆ. ಬಸ್‌ಬಾರ್ ಜೋಡಣೆಗಳ ಮೂಲಕ ನೂರು ಆಂಪಿಯರಿನಷ್ಟು ನೇರ ಪ್ರವಾಹ ಹರಿಸಿ ಮೈಕ್ರೋ ಓಮುಗಳಲ್ಲಿ ನಿರೋಧ ಅಳೆದರೆ ಬೋಲ್ಟುಗಳ ಸತ್ಯ ತಿಳಿಯುತ್ತದೆ. ಮೆಗ್ಗರ್ ಎಂಬ ಮಾಪಕದಿಂದ ಅವಾಹಕದ ನಿರೋಧ ನೋಡಿದರೆ ತೇವ ಧೂಳುಗಳ ಸುಳಿವು ಸಿಗುತ್ತದೆ. 11 ಕಿಲೋವೋಲ್ಟಿನ ಸ್ವಿಚ್‌ಗೇರ್ ಕಾರ್ಖಾನೆಯಲ್ಲಿ ಒಂದು ನಿಮಿಷ 28 ಕಿಲೋವೋಲ್ಟನ್ನು ತಾಳಿರಬೇಕು. ನಿವೇಶನದಲ್ಲಿ ಜೋಡಿಸಿದ ಮೇಲೆ ಅದರ ಶೇಕಡ 80ರಷ್ಟು, ಅಂದರೆ ಸುಮಾರು 22 ಕಿಲೋವೋಲ್ಟನ್ನು ಹಾಕಿ ಮತ್ತೆ ನೋಡಲಾಗುತ್ತದೆ. ಕೇಬಲ್ ತನ್ನೊಳಗೆ ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪರೀಕ್ಷೆ ಮುಗಿದ ಕೂಡಲೇ ಅದನ್ನು ಭೂಮಿಗಿಳಿಸದೆ ಮುಟ್ಟಬಾರದು.

ಈ ಪರೀಕ್ಷೆಗಳಷ್ಟೇ ಮುಖ್ಯವಾದರೂ ಸುಲಭವಾಗಿ ಕಡೆಗಣನೆಗೆ ಒಳಗಾಗುವುದು ಬ್ಯಾಟರಿ. ದೋಷವನ್ನು ಗುರುತಿಸುವ ರಿಲೇ, ಬ್ರೇಕರನ್ನು ತೆರೆಯುವ ಸುರುಳಿ, ಇವೆರಡಕ್ಕೂ ಶಕ್ತಿ ಬರುವುದು ಬ್ಯಾಟರಿಗಳ ನೇರ ವಿದ್ಯುತ್ತಿನಿಂದ. ಬ್ಯಾಟರಿ ಸೋತಿದ್ದರೆ ಲಕ್ಷಾಂತರ ರೂಪಾಯಿಯ ಬ್ರೇಕರ್ ದೋಷವನ್ನು ಕಂಡೂ ಕೈಕಟ್ಟಿ ನಿಲ್ಲುತ್ತದೆ. ಆದಕಾರಣ ತೆರೆಯುವ ಸುರುಳಿ ನಿಗದಿತ ವೋಲ್ಟೇಜಿನ ಶೇಕಡ 70ರಲ್ಲೂ ಕೆಲಸ ಮಾಡುತ್ತದೆಯೇ ಎಂದು ನೋಡಲಾಗುತ್ತದೆ. ರಿಲೇಗೆ ಕೃತಕ ದೋಷಪ್ರವಾಹ ಉಣಿಸಿ, ಅದು ಆಜ್ಞೆಯಿತ್ತು, ಬ್ರೇಕರ್ ನಿಜಕ್ಕೂ ತೆರೆಯುವವರೆಗಿನ ಇಡೀ ಸರಪಳಿಯನ್ನು ಪರೀಕ್ಷಿಸಿದರೆ ಮಾತ್ರ ಆ ಪರೀಕ್ಷೆಗೆ ಅರ್ಥವಿದೆ. ಸ್ವಿಚ್‌ಗೇರಿನ ಮಾದರಿಯ ದೋಷಪ್ರವಾಹ ಕಡಿಯುವ ಸಾಮರ್ಥ್ಯವನ್ನಂತೂ ನಿವೇಶನದಲ್ಲಿ ಪರೀಕ್ಷಿಸಲಾಗದು. ಅದಕ್ಕೆ ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯಗಳೇ ಬೇಕು.

ಕಾನೂನಿನ ಪ್ರಕಾರ ಸರ್ಕಾರ ಅಧಿಸೂಚಿಸಿದ ವೋಲ್ಟೇಜಿಗಿಂತ ಮೇಲಿನ ಸ್ಥಾವರಗಳಿಗೆ ವಿದ್ಯುತ್ ಪರಿವೀಕ್ಷಕರ ತಪಾಸಣೆಯಾಗದೆ ಚಾಲನೆ ಕೊಡುವಂತಿಲ್ಲ. ಅದರ ಕೆಳಗಿನವುಗಳಿಗೆ ಮಾಲೀಕರೇ ಪರೀಕ್ಷೆ ಮಾಡಿಸಿ ದೃಢೀಕರಿಸಬೇಕು. ತಲೆಬುರುಡೆಯ ಚಿತ್ರವಿರುವ ಅಪಾಯದ ಫಲಕ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂಬುದು ಇದೇ ವಿನಿಯಮಗಳ ಅಂಗ. ಮೊದಲ ಬಾರಿ ವಿದ್ಯುತ್ ಹರಿಸುವಾಗ ಕಪಾಟಿನ ಮುಂದೆ ನಿಂತು ಗುಂಡಿ ಒತ್ತುವ ಬದಲು ದೂರದ ನಿಯಂತ್ರಣ ಫಲಕದಿಂದ ಬ್ರೇಕರ್ ಮುಚ್ಚುವುದು, ಕೋಣೆಯಲ್ಲಿ ಯಾರೂ ಇಲ್ಲದಂತೆ ನೋಡಿಕೊಳ್ಳುವುದು, ಹೊರೆಯಿಲ್ಲದೆ ಕೆಲಕಾಲ ಬಿಟ್ಟು ಆಮೇಲೆ ಹಂತಹಂತವಾಗಿ ಹೊರೆ ಏರಿಸುವುದು ವಿವೇಕದ ಕ್ರಮ. ಸ್ಥಾಪನೆಯಲ್ಲಿ ಉಳಿದುಹೋದ ತಪ್ಪು ಹೊರಬೀಳುವ ಸಾಧ್ಯತೆ ಆ ಮೊದಲ ಗಳಿಗೆಯಲ್ಲಿ ಹೆಚ್ಚಾಗಿರುತ್ತದೆ.

ಸ್ಥಾಪಿಸಿದ ತಂಡ ಅಲ್ಲಿಂದ ಹೊರಡುವಾಗ ಬಿಟ್ಟುಹೋಗಬೇಕಾದದ್ದು ಕೆಲಸ ಮಾಡುವ ಉಪಕರಣವಷ್ಟೇ ಅಲ್ಲ. ಪ್ರತಿ ಜೋಡಣೆಯ ಮೈಕ್ರೋ ಓಮು, ಪ್ರತಿ ಫೇಸಿನ ಅವಾಹಕ ನಿರೋಧ, ಬ್ರೇಕರ್ ತೆರೆಯಲು ತೆಗೆದುಕೊಂಡ ಮಿಲಿಸೆಕೆಂಡು, ಭೂಸಂಪರ್ಕದ ಓಮು, ರಿಲೇಗಳಿಗೆ ಹೊಂದಿಸಿದ ಮೌಲ್ಯಗಳು, ನೆಲದಡಿಯಲ್ಲಿ ಹೂತ ಜಾಲರಿಯ ನಕ್ಷೆ, ಇವೆಲ್ಲ ಬರಹದಲ್ಲಿ ಉಳಿಯಬೇಕು. ಹತ್ತು ವರ್ಷಗಳ ನಂತರ ಯಾವುದೋ ಜೋಡಣೆ 20 ಮೈಕ್ರೋ ಓಮ್ ತೋರಿಸಿದರೆ ಅದು ಮೊದಲಿನಿಂದಲೂ ಹಾಗಿತ್ತೋ ಇಲ್ಲವೇ ಐದರಿಂದ ಇಪ್ಪತ್ತಕ್ಕೆ ಏರಿತೋ ಎಂಬುದನ್ನು ಆ ಮೊದಲ ದಾಖಲೆಯಲ್ಲದೆ ಬೇರಾವುದೂ ಹೇಳಲಾರದು. ತಾನು ಕೆಡುತ್ತಿರುವುದನ್ನು ತಾನಾಗಿ ತೋರಿಸಿಕೊಳ್ಳದ ಉಪಕರಣಕ್ಕೆ ಇಂತಹ ದಾಖಲೆಯೂ ಅದರೊಂದಿಗೆ ಮತ್ತೆ ಮತ್ತೆ ಹೋಲಿಸಿ ನೋಡುವ ನಿರ್ವಹಣೆಯೂ ಸ್ಥಾಪನೆಯಷ್ಟೇ ಅಗತ್ಯ. 11 ಕಿಲೋವೋಲ್ಟಿನ ಸಂಪರ್ಕ ಪಡೆಯುವ ಕಾರ್ಖಾನೆಯಾಗಲೀ ವಸತಿ ಸಮುಚ್ಚಯದ ಸಂಘವಾಗಲೀ ಗುತ್ತಿಗೆದಾರರಿಂದ ಬೀಗದ ಕೈಯ ಜೊತೆಗೆ ಈ ಕಡತವನ್ನೂ ಕೇಳಿ ಪಡೆದು, ಅದರಲ್ಲಿ ಖಾಲಿ ಉಳಿದ ಕಲಂಗಳಿದ್ದರೆ ಭರ್ತಿಯಾಗುವವರೆಗೆ ಅಂತಿಮ ಬಿಲ್ಲನ್ನು ತಡೆಹಿಡಿಯುವುದು ತಕ್ಕ ನಡೆ.